ಗಿಟಾರಿಗೆ ಬೀಟೆಯೇ ಏಕೆ ಬೇಕು?

ಗಿಟಾರ್ ಕಟ್ಟಿಕೊಡುವ ಕುಶಲಕರ್ಮಿಯು ಗಿರಾಕಿಯ ಮುಂದಿಡುವ ಆರ್ಡರ್ ಪಟ್ಟಿಯಲ್ಲಿ ಹತ್ತಾರು ಪ್ರಶ್ನೆಗಳಿರುತ್ತವೆ. ಬಣ್ಣ ಯಾವುದು, ಪಿಕಪ್ ಎಷ್ಟು, ಹಿಡಿಯುವ ಕುತ್ತಿಗೆಯ ದಪ್ಪ ಎಷ್ಟಿರಬೇಕು, ತಂತಿಗಳು ಆರೋ ಏಳೋ ಎಂದೆಲ್ಲ ಕೇಳಿದ ಮೇಲೆ ಇನ್ನೊಂದು ಪ್ರಶ್ನೆ ಬರುತ್ತದೆ: ಫ್ರೆಟ್‌ಬೋರ್ಡಿಗೆ, ಅಂದರೆ ಬೆರಳಾಡಿಸುವ ಪಟ್ಟಿಗೆ, ಯಾವ ಮರ? ಅದರ ಮುಂದೆ ಹೆಚ್ಚಿನವರು ಯೋಚಿಸದೆ ಬರೆಯುವ ಉತ್ತರ ‘ಇಂಡಿಯನ್ ರೋಸ್‌ವುಡ್’. ಹಾಗೆ ಬರೆದವರಲ್ಲಿ ಎಷ್ಟೋ ಜನರಿಗೆ ಅದು ಕಾರ್ಕಳ, ಹೆಬ್ರಿ ಕಡೆಯ ಘಟ್ಟದ ಸೆರಗಿನ ಕಾಡು ಗುಡ್ಡಗಳಲ್ಲಿ ಬೆಳೆಯುವ ಬೀಟೆಯ ಮರವೇ ಎಂಬುದು ತಿಳಿದಿರುವುದಿಲ್ಲ.

ಮಣಿಪಾಲವು ವಿದ್ಯಾರ್ಥಿಗಳ ಊರು. ಪ್ರತಿವರ್ಷ ಕಾಲೇಜು ಉತ್ಸವಗಳಲ್ಲಿ ಹೊಸ ಹೊಸ ವಾದ್ಯತಂಡಗಳು ಹುಟ್ಟುತ್ತವೆ. ಮೊದಮೊದಲು ಅಂಗಡಿಯ ಅಗ್ಗದ ಗಿಟಾರಿನಲ್ಲಿ ಕೈ ಪಳಗಿಸಿದವನಿಗೆ ನಾಲ್ಕಾರು ವರ್ಷಗಳಲ್ಲಿ ತನ್ನ ಕೈಗೆ, ತನ್ನ ಕಿವಿಗೆ ಹೊಂದುವಂತೆ ಒಂದು ಎಲೆಕ್ಟ್ರಿಕ್ ಗಿಟಾರನ್ನು ಮಾಡಿಸಿಕೊಳ್ಳಬೇಕೆಂಬ ಆಸೆ ಮೂಡುವುದು ಸಹಜ. ಉಡುಪಿಯ ಹುಡುಗನಿರಲಿ, ಕಾಪುವಿನ ಹುಡುಗಿಯಿರಲಿ, ಆಗ ಮನೆಯಲ್ಲಿ ನಡೆಯುವ ಚರ್ಚೆ ಒಂದೇ: ಅಷ್ಟು ದುಡ್ಡು ಹಾಕಿ ಮಾಡಿಸಬೇಕೇ, ಬೇಡವೇ? ಈ ಚರ್ಚೆ ದುಡ್ಡಿನಲ್ಲಿ ಆರಂಭವಾಗಿ ದುಡ್ಡಿನಲ್ಲಿಯೇ ಮುಗಿಯುತ್ತದೆ. ಮರದ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಏಳಬೇಕೆಂಬುದೇ ಈ ಲೇಖನದ ವಾದ. ಅಂಗಡಿಯಲ್ಲಿ ತೂಗುಹಾಕಿದ ಗಿಟಾರನ್ನು ಕೊಳ್ಳುವವನಿಗೆ ಮರವನ್ನು ಆರಿಸುವ ಅವಕಾಶ ಬಹಳ ಕಡಿಮೆ. ಆದರೆ ಮಾಡಿಸುವವನು ತನ್ನ ಕೈಯಾರೆ ಮರದ ಹೆಸರನ್ನು ಬರೆಯುತ್ತಾನೆ. ಬರೆದ ಮೇಲೆ ಆ ಮರದ ಹೊಣೆಯೂ ಅವನದೇ ಆಗುತ್ತದೆ.

ನಾದ ಎಲ್ಲಿಂದ ಬರುತ್ತದೆ?

ಬೀಟೆಯ ಪರವಾಗಿ ಹೇಳುವ ಮೊದಲ ಮಾತು ನಾದದ್ದು. ಬೀಟೆಯಿದ್ದರೆ ಧ್ವನಿ ‘ಬೆಚ್ಚಗಿರುತ್ತದೆ’, ಬೇರೆ ಮರವಾದರೆ ‘ತೆಳುವಾಗುತ್ತದೆ’ ಎಂದು ಗಿಟಾರ್ ಪತ್ರಿಕೆಗಳೂ ಮಾರಾಟಗಾರರೂ ದಶಕಗಳಿಂದ ಹೇಳುತ್ತ ಬಂದಿದ್ದಾರೆ. ಈ ಮಾತನ್ನು ಪರೀಕ್ಷಿಸಲು ವಾದ್ಯದ ಕೆಲಸವನ್ನು ಸ್ವಲ್ಪ ಅರಿತುಕೊಂಡರೆ ಸಾಕು.

ವೀಣೆಯಲ್ಲಿಯೂ ಸಾಮಾನ್ಯ ಗಿಟಾರಿನಲ್ಲಿಯೂ ತಂತಿಯ ಕಂಪನವನ್ನು ಟೊಳ್ಳಾದ ಮರದ ಒಡಲು ದೊಡ್ಡದು ಮಾಡುತ್ತದೆ. ಅಲ್ಲಿ ಮರವೇ ಕಂಠ. ಎಲೆಕ್ಟ್ರಿಕ್ ಗಿಟಾರಿನ ಕ್ರಮ ಬೇರೆ. ಅಲ್ಲಿ ಉಕ್ಕಿನ ತಂತಿಯ ಕೆಳಗೆ ಒಂದು ಅಯಸ್ಕಾಂತವಿದ್ದು ಅದರ ಸುತ್ತ ಕೂದಲೆಳೆಯಂತಹ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಇದೇ ಪಿಕಪ್. ಮೇಲಿನ ತಂತಿ ಮಿಡಿದಾಗ ಕಾಂತಕ್ಷೇತ್ರ ಅಲುಗುತ್ತದೆ, ತಾಮ್ರದ ಸುರುಳಿಯಲ್ಲಿ ಅತಿ ಸಣ್ಣ ವಿದ್ಯುತ್ ಪ್ರವಾಹ ಹುಟ್ಟುತ್ತದೆ, ಆಂಪ್ಲಿಫೈಯರ್ ಅದನ್ನು ಹಿಗ್ಗಿಸಿ ಸ್ಪೀಕರಿಗೆ ಕಳಿಸುತ್ತದೆ. ಪಿಕಪ್ ‘ಕೇಳುವುದು’ ಉಕ್ಕಿನ ಚಲನೆಯನ್ನು. ಮರದ ಮುಖ್ಯ ಕೆಲಸ ತಂತಿಗಳ ಬಿಗಿತವನ್ನು ಬಾಗದೆ ತಾಳಿಕೊಳ್ಳುವುದು.

ಇತಿಹಾಸವೂ ಇದನ್ನೇ ಹೇಳುತ್ತದೆ. 1930ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ರಿಕೆನ್‌ಬ್ಯಾಕರ್ ಸಂಸ್ಥೆಯಿಂದ ಮಾರಾಟಕ್ಕೆ ಬಂದು ಎಲೆಕ್ಟ್ರಿಕ್ ಗಿಟಾರುಗಳ ಯುಗವನ್ನು ತೆರೆದ ವಾದ್ಯಕ್ಕೆ ಜನ ‘ಫ್ರೈಯಿಂಗ್ ಪ್ಯಾನ್’, ಅಂದರೆ ಬಾಣಲೆ, ಎಂದು ಹೆಸರಿಟ್ಟರು. ಅದರ ಒಡಲೂ ಕುತ್ತಿಗೆಯೂ ಎರಕದ ಅಲ್ಯೂಮಿನಿಯಮ್ಮಿನದು. 1950ರಲ್ಲಿ ಫೆಂಡರ್ ಸಂಸ್ಥೆ ತಂದ ಗಿಟಾರಿನ ಕುತ್ತಿಗೆ, ಬೆರಳುಪಟ್ಟಿ ಎರಡೂ ಸೇರಿ ಒಂದೇ ತುಂಡು ಮೇಪಲ್ ಮರ. 1954ರಲ್ಲಿ ಬಂದ ಸ್ಟ್ರಾಟೋಕ್ಯಾಸ್ಟರ್ ಕೂಡ ಹಾಗೆಯೇ. ಆ ಸಂಸ್ಥೆ ರೋಸ್‌ವುಡ್ ಪಟ್ಟಿಯನ್ನು ಹಚ್ಚತೊಡಗಿದ್ದು 1958–59ರ ಹೊತ್ತಿಗೆ. ಬಿಳಿಚು ಮೇಪಲ್ಲಿನ ಮೇಲೆ ಬೆರಳಿನ ಸವೆತವೂ ಕೊಳೆಯೂ ಎದ್ದು ಕಾಣುತ್ತಿದ್ದುದು ಆ ಬದಲಾವಣೆಗೆ ಸಾಮಾನ್ಯವಾಗಿ ಕೊಡುವ ಕಾರಣ. ರಾಕ್ ಸಂಗೀತದ ಆರಂಭದ ದಿನಗಳಲ್ಲಿ ಜಗತ್ತು ಮೆಚ್ಚಿದ ಹಲವು ಗಿಟಾರುಗಳ ಬೆರಳುಪಟ್ಟಿಯಲ್ಲಿ ಬೀಟೆಯ ಚಕ್ಕೆಯೂ ಇರಲಿಲ್ಲ ಎಂದಾಯಿತು.

ಮರವೇ ಕಂಠವಾಗಿರುವ ಸಾಮಾನ್ಯ ಗಿಟಾರಿನಲ್ಲಿಯೂ ಈ ನಂಬಿಕೆ ಪರೀಕ್ಷೆಯಲ್ಲಿ ಗೆಲ್ಲಲಿಲ್ಲ. ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಇತರರೊಡಗೂಡಿ 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹಿಂಬದಿ ಮತ್ತು ಪಕ್ಕದ ಮರವೊಂದನ್ನು ಬಿಟ್ಟು ಉಳಿದೆಲ್ಲ ಒಂದೇ ರೀತಿಯಿದ್ದ ಆರು ಗಿಟಾರುಗಳನ್ನು 52 ಮಂದಿ ವಾದಕರ ಕೈಗೆ ಕೊಡಲಾಯಿತು. ಬೆಳಕು ಮಂದವಾಗಿತ್ತು, ಮರದ ಗುರುತು ಸಿಗದಂತೆ ಕಣ್ಣಿಗೆ ಕಪ್ಪು ಕನ್ನಡಕವೂ ಇತ್ತು. ದುಬಾರಿ ಬ್ರೆಜಿಲ್ ರೋಸ್‌ವುಡ್, ನಮ್ಮ ಬೀಟೆ, ಅಗ್ಗದ ಸಪೇಲೆ ಇವುಗಳ ನಡುವೆ ಗುಣದಲ್ಲಿ ಗಣನೀಯ ಅಂತರವನ್ನು ಅವರು ಕಾಣಲಿಲ್ಲ. ಕಂಠವೇ ಮರವಾದಲ್ಲಿ ಕೇಳಿಸದ ವ್ಯತ್ಯಾಸವನ್ನು, ವಿದ್ಯುತ್ತಿನಿಂದ ನುಡಿಯುವ ವಾದ್ಯದ ಮೇಲ್ಪಟ್ಟಿಯಲ್ಲಿ ಕೇಳುತ್ತೇವೆಂದು ಹೇಳುವವರು ಸಾಕ್ಷ್ಯವನ್ನು ಒದಗಿಸಬೇಕು. ಬೆರಳು ಮತ್ತು ತಂತಿಯ ಉಜ್ಜುವಿಕೆಗೆ ಬೇಗ ಸವೆಯದ ಗಟ್ಟಿಮರ ಬೇಕೆಂಬುದು ನಿಜ. ಆ ಗಟ್ಟಿಮರ ಬೀಟೆಯೇ ಆಗಬೇಕೆಂಬುದಕ್ಕೆ ಆಧಾರವಿಲ್ಲ.

ಕಾಲು ಕಿಲೋ ಮರದ ಲೆಕ್ಕ

ಎರಡನೆಯ ಮಾತು ಪ್ರಮಾಣದ್ದು. ಬೆರಳುಪಟ್ಟಿಗೆ ಬೇಕಾಗುವುದು ಸುಮಾರು ಅರ್ಧ ಮೀಟರ್ ಉದ್ದ, ಏಳು ಸೆಂಟಿಮೀಟರ್ ಅಗಲ, ಒಂದು ಸೆಂಟಿಮೀಟರಿಗೂ ಕಡಿಮೆ ದಪ್ಪದ ಒಂದು ತುಂಡು. ತೂಗಿದರೆ ಹೆಚ್ಚುಕಡಿಮೆ ಕಾಲು ಕಿಲೋ. ಇಷ್ಟು ಮರದಿಂದ ಕಾಡು ಬರಿದಾಗುವುದೇ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಕೊಡಬೇಕು.

ಜಗತ್ತಿನ ರೋಸ್‌ವುಡ್ ಕಾಡುಗಳನ್ನು ಮುಖ್ಯವಾಗಿ ನುಂಗಿದ್ದು ಗಿಟಾರಲ್ಲ, ಪೀಠೋಪಕರಣ. ಅದರಲ್ಲಿಯೂ ಚೀನಾದ ಶ್ರೀಮಂತರ ‘ಹೊಂಗ್‌ಮು’ ಶೈಲಿಯ ಕುರ್ಚಿ ಮಂಚಗಳ ಬೇಡಿಕೆ ದೊಡ್ಡ ಕಾರಣ. ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದವು 2016ರ ಜೊಹಾನೆಸ್‌ಬರ್ಗ್ ಸಮ್ಮೇಳನದಲ್ಲಿ ಡಾಲ್ಬರ್ಜಿಯಾ ಕುಲದ ಮರಗಳನ್ನೆಲ್ಲ ತನ್ನ ಎರಡನೆಯ ಅನುಬಂಧಕ್ಕೆ ಸೇರಿಸಿತು. 2017ರ ಜನವರಿ 2ರಿಂದ ಅದು ಜಾರಿಗೆ ಬಂತು. ಬ್ರೆಜಿಲ್ ರೋಸ್‌ವುಡ್ 1992ರಲ್ಲಿಯೇ ವ್ಯಾಪಾರವನ್ನು ಬಹುತೇಕ ನಿಷೇಧಿಸುವ ಮೊದಲ ಅನುಬಂಧಕ್ಕೆ ಸೇರಿತ್ತು. ನಮ್ಮ ಬೀಟೆ, ಸಸ್ಯಶಾಸ್ತ್ರದ ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ, ಇದೇ ಕುಲದ್ದು. ಐಯುಸಿಎನ್ ಕೆಂಪುಪಟ್ಟಿಯಲ್ಲಿ ಅದು ‘ದುರ್ಬಲ’ ವರ್ಗದಲ್ಲಿದೆ. ವಾದಕರೂ ತಯಾರಕರೂ ಬೊಬ್ಬೆ ಹಾಕಿದ ಮೇಲೆ 2019ರ ಜಿನೀವಾ ಸಮ್ಮೇಳನವು ಸಿದ್ಧವಾದ ಸಂಗೀತ ವಾದ್ಯಗಳಿಗೂ ಅವುಗಳ ಸಿದ್ಧ ಬಿಡಿಭಾಗಗಳಿಗೂ ವಿನಾಯಿತಿ ನೀಡಿತು. ಆ ವಿನಾಯಿತಿ ಗಿಟಾರಿಗೆ ಸಿಕ್ಕಿದ್ದು, ಮರಕ್ಕಲ್ಲ. ಬೀಟೆ ಇಂದಿಗೂ ಅದೇ ಎರಡನೆಯ ಅನುಬಂಧದಲ್ಲಿದೆ.

ಹಾಗಿದ್ದರೂ ಕಾಲು ಕಿಲೋದ ವಾದ ಅರ್ಧಸತ್ಯ. ವಾದ್ಯಕ್ಕೆ ಬೇಕಾದ ಪಟ್ಟಿಯಲ್ಲಿ ಗಂಟಿರಬಾರದು, ಸೀಳಿರಬಾರದು, ಎಳೆ ನೇರವಾಗಿರಬೇಕು, ಬಿಳಿಯ ಹೊರಕವಚ ಸೇರಬಾರದು. ಇಂತಹ ಪಟ್ಟಿ ಎಳೆಯ ಮರದಿಂದ ಹೊರಡುವುದಿಲ್ಲ. ಬೀಟೆಯ ಕಾಂಡದಲ್ಲಿ ನೇರಳೆಗಪ್ಪಿನ ತಿರುಳು ತುಂಬಿಕೊಳ್ಳಲು ಹಲವು ದಶಕಗಳು ಬೇಕು. ಕೊಯ್ದ ದಿಮ್ಮಿಯಲ್ಲಿ ಬಹುಪಾಲು ಈ ಪರೀಕ್ಷೆಯಲ್ಲಿ ತಳ್ಳಿಹೋಗುತ್ತದೆ. ಹೀಗಾಗಿ ಕಾಲು ಕಿಲೋದ ಬೇಡಿಕೆ ಬೀಳುವುದು ಕಾಡಿನ ಅತ್ಯಂತ ಹಳೆಯ, ಅತ್ಯಂತ ನೇರವಾದ, ಮುಂದಿನ ಪೀಳಿಗೆಗೆ ಬೀಜ ಕೊಡಬೇಕಾದ ಮರದ ಮೇಲೆಯೇ.

ಮೂಲವನ್ನು ಕೇಳದೆ ಕೊಳ್ಳುವುದರ ಫಲವನ್ನು ದೊಡ್ಡ ಸಂಸ್ಥೆಗಳೂ ಉಂಡಿವೆ. ಅಮೆರಿಕದ ಗಿಬ್ಸನ್ ಕಂಪನಿಯ ಕಾರ್ಖಾನೆಗಳ ಮೇಲೆ ಅಲ್ಲಿನ ಸರ್ಕಾರ 2009ರಲ್ಲಿ ಮಡಗಾಸ್ಕರಿನ ಕರಿಮರಕ್ಕಾಗಿ, 2011ರಲ್ಲಿ ಭಾರತದಿಂದ ಹೋದ ಬೀಟೆ ಮತ್ತು ಕರಿಮರದ ಪಟ್ಟಿಗಳಿಗಾಗಿ ದಾಳಿ ನಡೆಸಿತು. 2012ರ ಆಗಸ್ಟಿನಲ್ಲಿ ಕಂಪನಿ 3 ಲಕ್ಷ ಡಾಲರ್ ದಂಡ ತೆತ್ತು ರಾಜಿ ಮಾಡಿಕೊಂಡಿತು. ಭಾರತದ ಪಟ್ಟಿಗಳ ವಿಚಾರದಲ್ಲಿ ನಮ್ಮ ರಫ್ತು ನಿಯಮದ ಅರ್ಥವೇ ವಿವಾದವಾಗಿ ಉಳಿಯಿತು. ಮಡಗಾಸ್ಕರಿನ ಮರದ ವಿಚಾರದಲ್ಲಿ ಮಾತ್ರ ಬೇಕಾದಷ್ಟು ಎಚ್ಚರ ವಹಿಸಲಿಲ್ಲವೆಂಬುದು ಸ್ಪಷ್ಟವಾಯಿತು. ಮುಂದೆ 2017ರಲ್ಲಿ ಫೆಂಡರ್ ತನ್ನ ಮೆಕ್ಸಿಕೋ ತಯಾರಿಕೆಯ ಗಿಟಾರುಗಳಿಗೆ ಬೀಟೆಯನ್ನು ಕೈಬಿಟ್ಟು ದಕ್ಷಿಣ ಅಮೆರಿಕದ ಪಾವ್ ಫೆರೋ ಮರವನ್ನು ಹಿಡಿಯಿತು. ಒಂದು ಕಾಡಿನ ಭಾರವನ್ನು ಇಳಿಸಿ ಇನ್ನೊಂದು ಕಾಡಿನ ಬೆನ್ನಿಗೆ ಹೇರುವುದು ಪರಿಹಾರವೆನಿಸಲಾರದು. ಮರದ ಹೆಸರು ಬದಲಾದರೆ ಸಾಲದು, ಅದರ ಮೂಲ ತಿಳಿಯಬೇಕು.

ಜಾವಾದಲ್ಲಿ ಬೆಳೆ, ಇಲ್ಲಿ ಕಳೆ

ಇಷ್ಟನ್ನು ಓದಿದ ಪರಿಸರಪ್ರೇಮಿಯೊಬ್ಬ ಬೀಟೆಯನ್ನು ಯಾರೂ ಮುಟ್ಟಲೇಬಾರದು ಎಂದು ತೀರ್ಪು ಕೊಡಬಹುದು. ಆ ತೀರ್ಪು ಕೇಳಲು ಹಿತವಾಗಿದ್ದರೂ ಬೀಟೆಗೆ ಹಿತವಲ್ಲ. ಅದಕ್ಕೆ ಸಾಕ್ಷಿ ಬೇಕಿದ್ದರೆ ಕಾರ್ಕಳದ ಯಾವುದೇ ಅಡಿಕೆ ತೋಟದ ಮೇಲಣ ಗುಡ್ಡಕ್ಕೆ ಹೋಗಿ ನೋಡಬೇಕು.

ಬೀಟೆ ದ್ವಿದಳ ವರ್ಗದ ಮರ. ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಕೊಡುತ್ತದೆ. ಉದುರಿದ ಎಲೆ ಒಳ್ಳೆಯ ಗೊಬ್ಬರವಾಗುತ್ತದೆ. ಬೀಜದಿಂದ ಮಾತ್ರವಲ್ಲ, ಹರಿದ ಬೇರಿನಿಂದಲೂ ಮರಿ ಚಿಗುರುತ್ತದೆ. ಕಾಡು ತನ್ನಷ್ಟಕ್ಕೆ ಬೀಟೆಯನ್ನು ಮತ್ತೆ ಮತ್ತೆ ಕೊಡುತ್ತಲೇ ಇರುತ್ತದೆ. ಕೃಷಿಕ ಅದನ್ನು ಕತ್ತಿಯಿಂದ ಸವರುತ್ತಲೇ ಇರುತ್ತಾನೆ. ಅವನು ಮರದ ವೈರಿಯೇನಲ್ಲ. ಸರ್ಕಾರ ಮಂಜೂರು ಮಾಡಿದ ಎಷ್ಟೋ ಜಮೀನುಗಳಲ್ಲಿ ಬೀಟೆ, ತೇಗದಂತಹ ಮರಗಳ ಹಕ್ಕು ಸರ್ಕಾರದ ಕೈಯಲ್ಲಿಯೇ ಉಳಿದಿದೆ. ಕುಮ್ಕಿಯಲ್ಲಿ ಕೃಷಿಕನಿಗಿರುವುದು ಸೊಪ್ಪು ಸೌದೆಯ ಸವಲತ್ತು ಮಾತ್ರ, ನೆಲವೂ ಮರವೂ ಸರ್ಕಾರದ್ದು. ಸ್ವಂತ ವರ್ಗ ಜಮೀನಿನಲ್ಲಿ ಬೆಳೆದರೂ ಕಡಿಯಲು ಅನುಮತಿ, ಸಾಗಿಸಲು ಪಾಸು, ಎರಡಕ್ಕೂ ಕಚೇರಿಯ ಅಲೆದಾಟ. ಬೆಳೆದರೆ ಸರ್ಕಾರದ್ದು, ಕಡಿದರೆ ಕೇಸು ಎಂಬ ಭಯ ಕೂತ ಮೇಲೆ ಗೇಣುದ್ದದ ಗಿಡವನ್ನು ಯಾರು ಉಳಿಸುತ್ತಾರೆ?

ಇನ್ನೊಂದು ಕಡೆ ಆಸ್ಟ್ರೇಲಿಯಾದಿಂದ ಬಂದ ಸಿಲ್ವರ್ ಓಕ್, ನೀಲಗಿರಿ, ಗಾಳಿಮರಗಳನ್ನು ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಡಿ ಅನುಮತಿಯೇ ಬೇಡ. ದಕ್ಷಿಣ ಅಮೆರಿಕದ ರಬ್ಬರಿಗೂ ಅದೇ ರಿಯಾಯಿತಿ. ಮಲೆನಾಡಿನ ಹಾಗೂ ಕೊಡಗಿನ ಕಾಫಿ ತೋಟಗಳಲ್ಲಿ ಊರಿನ ನೆರಳುಮರಗಳ ಜಾಗವನ್ನು ಸಿಲ್ವರ್ ಓಕ್ ಆಕ್ರಮಿಸಿದ್ದಕ್ಕೆ ಇದೂ ಒಂದು ಕಾರಣ. ಪರದೇಶಿ ಮರಕ್ಕೆ ಸ್ವಾತಂತ್ರ್ಯ, ಸ್ವದೇಶಿ ಮರಕ್ಕೆ ಸೆರೆ ಎಂಬ ಈ ನೀತಿಯನ್ನು ಸಂರಕ್ಷಣೆ ಎನ್ನುವುದು ಹೇಗೆ?

ಇಂಡೋನೇಷ್ಯದ ಜಾವಾ ದ್ವೀಪವನ್ನು ನೋಡಬೇಕು. ಅಲ್ಲಿ ಇದೇ ಬೀಟೆಯನ್ನು ‘ಸೊನೊಕೆಲಿಂಗ್’ ಎಂಬ ಹೆಸರಿನಲ್ಲಿ ನೆಡುತೋಪುಗಳಲ್ಲಿಯೂ ಸಣ್ಣ ರೈತರ ಹಿಡುವಳಿಗಳಲ್ಲಿಯೂ ಬೆಳೆಯುತ್ತಾರೆ. ಅಲ್ಲಿಂದ ಗಿಟಾರ್ ಕಾರ್ಖಾನೆಗಳಿಗೆ ಪಟ್ಟಿಗಳು ಹೋಗುತ್ತವೆ. ಸಹ್ಯಾದ್ರಿಯ ಮರ ಜಾವಾದ ರೈತನಿಗೆ ಬೆಳೆಯಾಗಿದೆ, ಸಹ್ಯಾದ್ರಿಯ ರೈತನಿಗೆ ಕಳೆಯಾಗಿದೆ. ಶ್ರೀಗಂಧದ ವಿಷಯದಲ್ಲಿ ನಮ್ಮದೇ ರಾಜ್ಯ ಈ ತಪ್ಪನ್ನು ಅರ್ಧ ತಿದ್ದಿಕೊಂಡಿದೆ. 2001ರ ತಿದ್ದುಪಡಿಯಿಂದ ಜಮೀನಿನ ಒಡೆಯನೇ ತನ್ನ ನೆಲದ ಗಂಧದ ಮರದ ಒಡೆಯನಾದ ಮೇಲೆ ಹೊಲಗಳಲ್ಲಿ ಗಂಧ ನೆಡುವವರು ಕಾಣಿಸಿಕೊಂಡರು. ಬೀಟೆಗೂ ಅಂತಹ ದಿನ ಬರಬೇಕು. ರೈತ ನೆಟ್ಟು, ದಾಖಲೆ ಮಾಡಿಸಿ, ಬೆಳೆಸಿದ ಬೀಟೆಯ ಪಟ್ಟಿಯೊಂದು ಮುಂದೊಂದು ದಿನ ಮಣಿಪಾಲದ ಗಿಟಾರಿಗೆ ಸೇರುವುದಾದರೆ ಅದಕ್ಕೆ ಅಡ್ಡಿ ಹೇಳುವ ಕಾರಣ ಯಾರಿಗೂ ಇರದು. ಇಂದು ಆ ಮರ ಇಲ್ಲ. ಇಂದು ಮೂಲ ತಿಳಿಯದ ಬೀಟೆಯನ್ನು ಆರ್ಡರ್ ಪಟ್ಟಿಯಲ್ಲಿ ಬರೆಯುವುದೆಂದರೆ ಕಾಡಿನ ಹಳೆಯ ಮರವನ್ನೇ ಬರೆದಂತೆ.

ವಿದೇಶಿ ವಾದ್ಯವೆಂಬ ಆಕ್ಷೇಪ

ಚಳವಳಿಯ ಒಳಗಿನಿಂದಲೇ ಕೇಳಿಬರುವ ಮತ್ತೊಂದು ಮಾತಿದೆ: ಎಲೆಕ್ಟ್ರಿಕ್ ಗಿಟಾರ್ ನಮ್ಮ ಸಂಸ್ಕೃತಿಯಲ್ಲ, ಅದೊಂದು ಐಷಾರಾಮ, ಅದರ ವಿಚಾರ ಹಳ್ಳಿಯ ಜನರಿಗೇಕೆ? ಈ ಮಾತು ನಿಲ್ಲುವುದಿಲ್ಲ. ಪಿಟೀಲು ಯೂರೋಪಿನಿಂದ ಬಂದು ಕರ್ನಾಟಕ ಸಂಗೀತದ ಕಚೇರಿಯ ಆಸ್ತಿಯಾಯಿತು. ದಕ್ಷಿಣ ಕನ್ನಡದವರೇ ಆದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ಸ್ಯಾಕ್ಸೊಫೋನನ್ನು ಹಿಡಿದು, ಅದರಲ್ಲಿ ರಾಗಾಲಾಪನೆ ಮಾಡಿ, ಜಗತ್ತು ಸುತ್ತಿದರು. ಯು. ಶ್ರೀನಿವಾಸ್ ಅವರ ಎಲೆಕ್ಟ್ರಿಕ್ ಮ್ಯಾಂಡೊಲಿನ್ನಿನಲ್ಲಿ ತ್ಯಾಗರಾಜರ ಕೃತಿಗಳು ಹೊಮ್ಮಿದವು. ಎಲೆಕ್ಟ್ರಿಕ್ ಗಿಟಾರಿನಲ್ಲಿಯೇ ಕರ್ನಾಟಕ ಸಂಗೀತದ ಕಚೇರಿ ನಡೆಸುವ ಪ್ರಸನ್ನ ಅವರಂತಹ ಕಲಾವಿದರಿದ್ದಾರೆ. ವಾದ್ಯಕ್ಕೆ ಜಾತಿಯಿಲ್ಲ. ಅದು ಕುಡಿಯುವ ವಿದ್ಯುತ್ತಿನ ಲೆಕ್ಕ ಹಾಕುವುದೂ ವ್ಯರ್ಥ. ಮದುವೆ ಮಂಟಪದ ಒಂದು ರಾತ್ರಿಯ ದೀಪಾಲಂಕಾರದ ಮುಂದೆ ಕೊಠಡಿಯಲ್ಲಿ ನುಡಿಸುವ ಆಂಪ್ಲಿಫೈಯರಿನ ಖರ್ಚು ಗಣನೆಗೆ ಬಾರದು.

ಯುವಕರ ಆಸೆಯನ್ನು ಹೀಗಳೆದು ಚಳವಳಿ ಏನನ್ನೂ ಗಳಿಸಿಲ್ಲ. ಗುಡ್ಡದ ಮನೆಯಿಂದ ಪೇಟೆಗೆ ಓದಲು ಹೋದ ಹುಡುಗ ಗಿಟಾರ್ ಹಿಡಿದರೆ ಅವನು ಕಾಡಿಗೆ ಬೆನ್ನು ಹಾಕಿದನೆಂದು ಏಕೆ ತಿಳಿಯಬೇಕು? ಅವನ ವಾದ್ಯದ ಮರ ಯಾವ ಗುಡ್ಡದ್ದೆಂದು ಅವನೇ ಕೇಳುವಂತಾದರೆ, ಹತ್ತು ಭಾಷಣಗಳು ಮಾಡದ ಕೆಲಸವನ್ನು ಆ ಒಂದು ಪ್ರಶ್ನೆ ಮಾಡೀತು.

ಹಾಗಾದರೆ ಯಾವ ಮರ?

ಊರಿನ ವಾದ್ಯಗಳನ್ನು ನೋಡಿದರೆ ಉತ್ತರ ಸಿಗುತ್ತದೆ. ಯಕ್ಷಗಾನದ ಮದ್ದಳೆಯ ಕಳಸಿಗೆ ಹಲಸು, ಚಂಡೆಗೆ ಹಲಸು, ವೀಣೆಗೆ ಹಲಸು. ಕಾಡಿನ ಅಪರೂಪದ ಮರವನ್ನು ಹುಡುಕಿಕೊಂಡು ಹೋಗದೆ ಹಿತ್ತಿಲಿನ ಮರದಲ್ಲಿಯೇ ಹಿರಿಯರು ನಾದವನ್ನು ಕಂಡರು. ಎಲೆಕ್ಟ್ರಿಕ್ ಗಿಟಾರಿನ ಒಡಲಿಗೂ ಚೆನ್ನಾಗಿ ಒಣಗಿದ ಹಲಸು ಸಲ್ಲುತ್ತದೆ. ಹದವಾದ ಭಾರ, ಗೆದ್ದಲಿಗೆ ಸುಲಭವಾಗಿ ಬಗ್ಗದ ಗುಣ, ವರ್ಷ ಕಳೆದಂತೆ ಹಳದಿಯಿಂದ ಕಂದಿಗೆ ಮಾಗುವ ಬಣ್ಣ, ಇವೆಲ್ಲ ಅದರಲ್ಲಿವೆ.

ಎರಡನೆಯ ಮೂಲ ಹಳೆಯ ಮನೆಗಳು. ಹೊಸ ಕಾಂಕ್ರೀಟ್ ಮನೆಗಾಗಿಯೂ, ಕಾಪು ಮೂಲಕ ಸಾಗುವ ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣಕ್ಕಾಗಿಯೂ ಕರಾವಳಿಯಲ್ಲಿ ಹಳೆಯ ಕಟ್ಟಡಗಳು ಉರುಳಿವೆ, ಉರುಳುತ್ತಿವೆ. ಅವುಗಳ ಕಂಬ, ತೊಲೆ, ದಾರಂದ, ಪಕ್ಕಾಸುಗಳಲ್ಲಿ ಹಲಸೂ ಹೆಬ್ಬಲಸೂ ಇರುತ್ತವೆ. ಕೆಲವೊಮ್ಮೆ ಬೀಟೆಯೂ ಸಿಗುತ್ತದೆ. ಹಳೆಯ ಮರ ಎಷ್ಟು ಬಾಳುತ್ತದೆ ಎಂಬುದಕ್ಕೆ ವಿಜಯನಾಥ ಶೆಣೈ ಅವರು ಮಣಿಪಾಲದಲ್ಲಿ ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮವೇ ಪ್ರಮಾಣ. ಬಿಚ್ಚಿ ತಂದ ಮನೆಗಳು ಅಲ್ಲಿ ಮತ್ತೆ ಎದ್ದು ನಿಂತಿವೆ. ಮುರಿದ ದಾರಂದದ ಒಂದು ತುಂಡಿನಲ್ಲಿ ಬೆರಳುಪಟ್ಟಿ ಹೊರಟರೆ ಕಾಡಿನಲ್ಲಿ ಒಂದು ಕೊಡಲಿಪೆಟ್ಟೂ ಬೀಳದು. ಹಳೆಯ ಮರಕ್ಕೆ ಇನ್ನೊಂದು ಗುಣವಿದೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ಈ ಜಿಲ್ಲೆಯಲ್ಲಿ ಮರವು ಮಳೆಗಾಲದ ತೇವವನ್ನು ಹೀರಿ ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಎಷ್ಟೋ ಮಳೆಗಾಲಗಳನ್ನು ಕಂಡ ತೊಲೆ ಮುಂದೆಯೂ ಹೆಚ್ಚು ತಿರುಚಿಕೊಳ್ಳುವುದಿಲ್ಲ. ಗಿಟಾರಿನ ಕುತ್ತಿಗೆ ನೇರವಾಗಿ ಉಳಿಯಲು ಮರದ ಜಾತಿಗಿಂತ ಅದರ ಒಣಗಿದ ಹದ ಮುಖ್ಯ ಎಂಬುದನ್ನು ಯಾವ ಅನುಭವಿ ಆಚಾರ್ಯರೂ ಒಪ್ಪುತ್ತಾರೆ.

ಮೂರನೆಯದು ಅಕೇಶಿಯಾ. ಹೆಸರು ಕೇಳಿದೊಡನೆ ಈ ಪತ್ರಿಕೆಯ ಓದುಗರ ಹುಬ್ಬು ಗಂಟಿಕ್ಕುವುದು ಸಹಜ. ಕರಾವಳಿ, ಮಲೆನಾಡುಗಳ ಗುಡ್ಡಗಳ ಮೇಲೆ ಹೇರಿದ ಈ ಏಕಜಾತಿಯ ನೆಡುತೋಪುಗಳನ್ನು ಚಳವಳಿ ವಿರೋಧಿಸುತ್ತ ಬಂದಿದೆ, ಆ ನಿಲುವು ಬದಲಾಗಬೇಕಿಲ್ಲ. ಆದರೆ ಈಗಾಗಲೇ ನಿಂತಿರುವ ಮರಗಳನ್ನು ತೆಗೆದು ಸ್ಥಳೀಯ ಗಿಡಗಳಿಗೆ ಜಾಗ ಮಾಡುವಾಗ ಅವೆಲ್ಲ ಸೌದೆಗೂ ಕಾಗದದ ತಿರುಳಿಗೂ ಹೋಗಬೇಕೆಂದೇನೂ ಇಲ್ಲ. ಬಲಿತ ಅಕೇಶಿಯಾದ ತಿರುಳು ಗಟ್ಟಿ, ಕಡುಕಂದು, ಹೊಳಪನ್ನು ಚೆನ್ನಾಗಿ ಹಿಡಿಯುತ್ತದೆ. ಅವಸರದಲ್ಲಿ ಒಣಗಿಸಿದರೆ ಮಾತ್ರ ಬಿರುಕು ಬಿಡುತ್ತದೆ. ಆಸ್ಟ್ರೇಲಿಯಾದ ಗಿಟಾರ್ ತಯಾರಕರು ಇದೇ ಕುಲದ ಬ್ಲ್ಯಾಕ್‌ವುಡ್ ಮರವನ್ನು ಹೆಮ್ಮೆಯಿಂದ ಬಳಸುತ್ತಾರೆ. ಇಲ್ಲಿಯೂ ಯಾರಾದರೂ ಪ್ರಯೋಗಕ್ಕೆ ಇಳಿಯಬೇಕು.

ಮರ ಬದಲಾದರೆ ಕಸುಬು ಕೆಡುತ್ತದೆ ಎನ್ನುವವರು ಕಾಪುವಿನ ಕಡಲತೀರಕ್ಕೆ ಹೋಗಲಿ. ಒಂದು ಕಾಲದಲ್ಲಿ ಹೆಬ್ಬಲಸಿನಂತಹ ದೊಡ್ಡ ಮರಗಳಿಂದ ಆಗುತ್ತಿದ್ದ ದೋಣಿಗಳ ಜಾಗದಲ್ಲಿ ಇಂದು ಫೈಬರ್ ದೋಣಿಗಳು ನಿಂತಿವೆ. ಮೊಗವೀರರು ಕಡಲಿಗೆ ಇಳಿಯುವುದನ್ನು ಬಿಟ್ಟಿಲ್ಲ. ಕಾರ್ಕಳದ ಶಿಲ್ಪಿಗಳು 1432ರಲ್ಲಿ ಗೊಮ್ಮಟನನ್ನು ನಿಲ್ಲಿಸಲು ದೂರದ ಅಮೃತಶಿಲೆಯನ್ನು ಬಯಸಲಿಲ್ಲ. ಊರಿನ ಕಲ್ಲೇ ಸಾಕಾಯಿತು. ಧರ್ಮಸ್ಥಳದ ಬಾಹುಬಲಿಯನ್ನು ರೆಂಜಾಳ ಗೋಪಾಲ ಶೆಣೈ ಅವರು ಕಡೆದದ್ದೂ ಕಾರ್ಕಳದ ಬಂಡೆಯಲ್ಲಿಯೇ. ಕೈಗೆಟುಕುವ ವಸ್ತುವಿನಿಂದ ಶ್ರೇಷ್ಠವಾದುದನ್ನು ತೆಗೆಯುವುದು ಈ ಸೀಮೆಯ ಕುಶಲಕರ್ಮಿಗಳಿಗೆ ಹೊಸತಲ್ಲ.

ಮಾಡಿಸುವವನು ಕೇಳಬೇಕಾದ ಪ್ರಶ್ನೆಗಳು

ಹಾಗಾದರೆ ಗಿಟಾರ್ ಮಾಡಿಸಬೇಕೇ, ಬೇಡವೇ? ಮುಂಗಡ ಕೊಡುವ ಮೊದಲು ವಿದ್ಯಾರ್ಥಿಯು ತನಗೂ ತಯಾರಕನಿಗೂ ಕೆಲವು ಪ್ರಶ್ನೆಗಳನ್ನು ಹಾಕಿಕೊಳ್ಳಲಿ.

ಮೊದಲನೆಯದು, ಕೈಯಲ್ಲಿರುವ ವಾದ್ಯವನ್ನು ರಿಪೇರಿ ಮಾಡಿಸಿ, ಪಿಕಪ್ ಬದಲಿಸಿ, ಅಥವಾ ಒಬ್ಬರು ಬಳಸಿದ ಒಳ್ಳೆಯ ಗಿಟಾರನ್ನು ಕೊಂಡು ಆಸೆ ತೀರುವುದೇ? ತೀರುವುದಾದರೆ ಹೊಸದು ಬೇಡ. ಎರಡನೆಯದು, ತಯಾರಕನು ಪ್ರತಿಯೊಂದು ಮರದ ತುಂಡಿನ ಮೂಲವನ್ನು ಹೇಳಬಲ್ಲನೇ? ಯಾರ ಹಿತ್ತಿಲು, ಯಾವ ಮನೆ, ಯಾವ ಡಿಪೋ ಎಂಬುದಕ್ಕೆ ರಸೀದಿಯೋ ಪಾಸೋ ತೋರಿಸಬಲ್ಲನೇ? ‘ಒಳ್ಳೆಯ ಪಾರ್ಟಿಯಿಂದ ತಂದದ್ದು’ ಎಂಬಷ್ಟೇ ಉತ್ತರ ಬಂದರೆ ಆ ಆರ್ಡರನ್ನು ಅಲ್ಲಿಯೇ ನಿಲ್ಲಿಸಬೇಕು. ಮೂರನೆಯದು, ಬೀಟೆಯ ಜಾಗದಲ್ಲಿ ಊರಿನ ಮರವನ್ನು ಹಾಕಿ ಕಟ್ಟಿಕೊಡಲು ಅವನು ಒಪ್ಪುವನೇ? ಒಪ್ಪುವವನ ಕೈಗೆ ಕೆಲಸ ಕೊಡ‍ಬೇಕು. ಕಾರ್ಖಾನೆಯ ಸಾಲಿನಲ್ಲಿ ಬಂದ ಗಿಟಾರಿಗೆ ಹೋಗುವ ದುಡ್ಡು ಆಗ ಊರಿನ ಬಡಗಿಗೂ ಹಲಸು ಬೆಳೆಸಿದವನಿಗೂ ಸೇರುತ್ತದೆ. ಈ ಮೂರಕ್ಕೂ ಸರಿಯಾದ ಉತ್ತರ ಸಿಕ್ಕಿದರೆ ಗಿಟಾರನ್ನು ಧೈರ್ಯವಾಗಿ ಮಾಡಿಸಬಹುದು. ಸಿಗದಿದ್ದರೆ ಆಸೆಯನ್ನು ತಡೆದುಕೊಳ್ಳುವುದೇ ಲೇಸು.

1983ರಲ್ಲಿ ಶಿರಸಿ ಸೀಮೆಯ ಸಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ಆರಂಭಿಸಿದ ಚಳವಳಿ ನಾಡಿಗೆ ಮೂರು ಮಾತುಗಳನ್ನು ಕೊಟ್ಟಿತು: ಉಳಿಸು, ಬೆಳೆಸು, ಬಳಸು. ಸಭೆಗಳಲ್ಲಿ ಮೊದಲನೆಯ ಮಾತಿಗೆ ಚಪ್ಪಾಳೆ ಬೀಳುತ್ತದೆ. ಎರಡನೆಯದು ವನಮಹೋತ್ಸವದ ದಿನ ನೆನಪಾಗುತ್ತದೆ. ಮೂರನೆಯದನ್ನು ಆಡಲು ಪರಿಸರವಾದಿಗಳೇ ಅಂಜುತ್ತಾರೆ. ಆದರೆ ಬಳಕೆಯ ದಾರಿಯನ್ನು ಕಾನೂನು ಮುಚ್ಚಿದ ಕಡೆ ಬೆಳೆಸುವ ಕೈಯೂ ಹಿಂಜರಿದಿದೆ ಎಂಬುದಕ್ಕೆ ಬೀಟೆಯೇ ನಿದರ್ಶನ.

ಆದುದರಿಂದ ಕೆಲಸ ಎರಡು ಕಡೆಯಿಂದ ನಡೆಯಬೇಕಾಗಿದೆ. ಮಣಿಪಾಲ, ಉಡುಪಿಗಳ ಸಂಗೀತಪ್ರಿಯ ವಿದ್ಯಾರ್ಥಿಗಳು ತಮ್ಮ ವಾದ್ಯದ ಮರದ ಊರನ್ನು ಕೇಳಲಿ. ಗ್ರಾಮಸಭೆಗಳೂ ಕೃಷಿಕ ಸಂಘಗಳೂ, ರೈತ ತಾನೇ ನೆಟ್ಟು ದಾಖಲಿಸಿದ ಬೀಟೆ ರೈತನದೇ ಆಗಬೇಕೆಂದು, ಕಡಿಯುವ ಮತ್ತು ಸಾಗಿಸುವ ಅನುಮತಿ ತಾಲೂಕು ಮಟ್ಟದಲ್ಲಿಯೇ ನಿಗದಿತ ಅವಧಿಯೊಳಗೆ ಸಿಗಬೇಕೆಂದು ಠರಾವು ಮಾಡಿ ಸರ್ಕಾರಕ್ಕೆ ಕಳಿಸಲಿ. ಕಾಡಿನೊಳಗಿನ ಹಳೆಯ ಬೀಟೆಗೆ ಮಾತ್ರ ಯಾರ ಕೊಡಲಿಯೂ ತಾಗದಿರಲಿ.

ಠರಾವಿಗೆ ಉತ್ತರ ಬರುವವರೆಗೆ ಕಾಯಬೇಕಾದ ಅಗತ್ಯವಿಲ್ಲದ ಕೆಲಸವೊಂದಿದೆ. ಮಳೆ ಬಿದ್ದ ಮೇಲೆ ಬೇಲಿಯ ಬದಿಯಲ್ಲಿಯೂ ಗುಡ್ಡದ ತುದಿಯಲ್ಲಿಯೂ ಬೀಟೆಯ ಬೇರಿನಿಂದ ಹೊಸ ಮರಿಗಳು ಏಳುತ್ತವೆ. ಸೊಪ್ಪಿಗೆ ಹೋದವರು ಅಲ್ಲಿ ಕತ್ತಿ ಬೀಸುವ ಮೊದಲು ಒಂದು ಗಳಿಗೆ ನಿಂತು ನೋಡಲಿ. ಹತ್ತರಲ್ಲಿ ಎರಡನ್ನಾದರೂ ಬಿಟ್ಟು ಬರಲಿ.